ಗುಜರಿ ಮಾಲಿನಲ್ಲಿ ಬಂದ ಭಾರದ ಡಬ್ಬಿ: ಇಂಥದ್ದು ಸಿಕ್ಕರೆ ಏನು ಮಾಡಬೇಕು?

ಗುಜರಿ ಅಂಗಡಿ, ಮಾನ್ಖುರ್ದ್ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಮಾನ್ಖುರ್ದ್‌ನಲ್ಲಿ ಗುಜರಿ ಅಂಗಡಿ. ಅಪ್ಪ ಇಂಡಿ ತಾಲೂಕಿನಿಂದ ಬಂದು ಕುರ್ಲಾದಲ್ಲಿ ಹಮಾಲಿ ಮಾಡಿ, ಆಮೇಲೆ ಈ ಅಂಗಡಿ ಹಾಕಿದರು. ಮೂವತ್ತು ವರ್ಷದ ಮೇಲಾಯಿತು.

ಹೋದ ತಿಂಗಳು ಮುಚ್ಚಿದ ಕಾರ್ಖಾನೆಯೊಂದರ ಮಾಲು ಟೆಂಪೋದಲ್ಲಿ ಬಂತು. ಪೈಪು, ವಾಲ್ವು, ಮೋಟಾರು, ಎಲ್ಲಾ ಮಾಮೂಲಿ. ಅದರ ನಡುವೆ ಒಂದು ಡಬ್ಬಿ. ಹಳದಿ ಬಣ್ಣ ಅರ್ಧ ಉದುರಿತ್ತು. ನೋಡಲು ಐದು ಲೀಟರ್ ಕುಕ್ಕರಿನಷ್ಟು. ನಮ್ಮ ಹುಡುಗ ಒಂದೇ ಕೈಯಲ್ಲಿ ಎತ್ತಲು ಹೋದ, ಅದು ಅಲ್ಲಾಡಲಿಲ್ಲ. ಇಬ್ಬರು ಸೇರಿ ಕಾಟಾ ಮೇಲೆ ಇಟ್ಟರೆ 46 ಕಿಲೋ. ಒಳಗೆ ಸೀಸ ಇದೆ ಅಂತ ಆಗಲೇ ಗೊತ್ತಾಯಿತು. ನಮ್ಮ ಧಂಧೆಯಲ್ಲಿ ಸೀಸಕ್ಕೆ ಒಳ್ಳೆ ರೇಟು. ಹುಡುಗ ಗ್ಯಾಸ್ ಕಟರ್ ತಂದೇ ಬಿಟ್ಟ.

ಮಣ್ಣು ಒರೆಸಿದಾಗ ಒಂದು ತಗಡಿನ ಪಟ್ಟಿ ಕಂಡಿತು. ಫ್ಯಾನಿನ ರೆಕ್ಕೆಯ ಹಾಗೆ ಮೂರು ಎಸಳಿನ ಗುರುತು. ಕೆಳಗಿನ ಅಕ್ಷರ ಅಳಿಸಿತ್ತು, 137 ಅನ್ನುವ ಅಂಕಿ ಮಾತ್ರ ನೆಟ್ಟಗೆ ಓದಲು ಬರುತ್ತಿತ್ತು. ಮಗಳು ಹನ್ನೊಂದನೇ ಕ್ಲಾಸು, ಸೈನ್ಸ್. ಫೋಟೋ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು. "ಪಪ್ಪಾ, ಅದರ ಹತ್ರ ಯಾರೂ ನಿಲ್ಲಬೇಡಿ" ಅಂತ ಹೇಳುತ್ತಾ ಅತ್ತುಬಿಟ್ಟಳು.

ಎಲ್ಲರನ್ನೂ ಹೊರಗೆ ಕಳಿಸಿ ಪೊಲೀಸರಿಗೆ ಫೋನ್ ಮಾಡಿದೆ. ಸಂಜೆ ಮೀಟರ್ ಹಿಡಿದುಕೊಂಡು ತಜ್ಞರು ಬಂದರು. ಡಬ್ಬಿಯ ಬಾಗಿಲು ಮುಚ್ಚಿಯೇ ಇತ್ತು, ಹೊರಗೆ ಏನೂ ಬಂದಿಲ್ಲ ಅಂತ ಹೇಳಿ ತೆಗೆದುಕೊಂಡು ಹೋದರು. ಆದರೆ ಮೂರು ದಿನ ಅಂಗಡಿ ಬಂದ್. ಎಲ್ಲಿಂದ ತಂದೆ, ಯಾರು ಕೊಟ್ಟರು, ಚೀಟಿ ಎಲ್ಲಿ ಅಂತ ಒಂದೇ ಸಮನೆ ವಿಚಾರಣೆ. ಪಕ್ಕದ ಅಂಗಡಿಯವರು "ರಾತ್ರಿ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಎಸೆದು ಸುಮ್ನೆ ಇರಬೇಕಿತ್ತು" ಅಂದರು. ಆ ಮಾತು ಇನ್ನೂ ಕೊರೆಯುತ್ತಿದೆ.

ನನ್ನ ಪ್ರಶ್ನೆ ಎರಡು. ಆ ಡಬ್ಬಿಯಲ್ಲಿ ನಿಜವಾಗಿ ಏನಿತ್ತು? ಅದನ್ನು ನನ್ನ ಬದಲು ಕೆಟ್ಟ ಬುದ್ಧಿಯವನು ಯಾರಾದರೂ ಕೊಂಡುಕೊಂಡಿದ್ದರೆ ಏನಾಗುತ್ತಿತ್ತು?

ನಿವೃತ್ತ, ಅಣುಶಕ್ತಿನಗರ | ಭಾನುವಾರ ರಾತ್ರಿ 10:25

ಮೊದಲು ಮಗಳಿಗೆ ನನ್ನ ಆಶೀರ್ವಾದ ಹೇಳಿ. ನಾನು ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ 34 ವರ್ಷ ವಿಕಿರಣ ಅಳೆಯುವ ಕೆಲಸ ಮಾಡಿದವನು. ನಿಮ್ಮ ಮಗಳು ಮಾಡಿದ್ದನ್ನೇ ನಾವು ಹೊಸಬರಿಗೆ ಮೊದಲ ದಿನ ಕಲಿಸುತ್ತಿದ್ದೆವು.

ಮೂರು ಎಸಳು ಅಂದರೆ ವಿಕಿರಣದ ಗುರುತು. ನೀವು ಹೇಳಿದ್ದು ನೋಡಿದರೆ ಆ ಡಬ್ಬಿ ಲೆವೆಲ್ ಗೇಜ್ ಇರಬೇಕು. ದೊಡ್ಡ ಟ್ಯಾಂಕಿನಲ್ಲಿ ಮಾಲು ಎಲ್ಲಿಯವರೆಗೆ ತುಂಬಿದೆ ಅಂತ ಹೊರಗಿನಿಂದಲೇ ತಿಳಿಯಲು ಕಾರ್ಖಾನೆಗಳಲ್ಲಿ ಹಾಕುತ್ತಾರೆ. ಒಂದು ಕಡೆ ಸೀಸಿಯಂ-137 ಅನ್ನುವ ಕಿರಣ ಬಿಡುವ ವಸ್ತು, ಇನ್ನೊಂದು ಕಡೆ ಆ ಕಿರಣವನ್ನು ಹಿಡಿಯುವ ಯಂತ್ರ. ನಡುವೆ ಮಾಲು ಬಂದರೆ ಕಿರಣ ಕಡಿಮೆಯಾಗುತ್ತದೆ. ಇಷ್ಟೇ ಉಪಾಯ. ಒಳಗಿನ ಸೋರ್ಸ್ (ಕಿರಣ ಬಿಡುವ ವಸ್ತುವಿಗೆ ಹಾಗೆ ಅನ್ನುತ್ತೇವೆ) ಬೆರಳ ತುದಿಯಷ್ಟು, ಸುತ್ತಲಿನ ಭಾರವೆಲ್ಲಾ ಸೀಸ. ಸೀಸಿಯಂನ ಅರ್ಧಾಯುಷ್ಯ 30 ವರ್ಷ. ಅಂದರೆ 1995ರಲ್ಲಿ ತಂದ ಗೇಜ್‌ನಲ್ಲಿ ಈಗಲೂ ಸುಮಾರು ಅರ್ಧ ಶಕ್ತಿ ಉಳಿದಿರುತ್ತದೆ. ಕಾರ್ಖಾನೆ ಮುಚ್ಚಿತು ಅಂತ ಅದು ಮುಚ್ಚುವುದಿಲ್ಲ.

ಗ್ಯಾಸ್ ಕಟರ್ ಹಚ್ಚಿದ್ದರೆ? ಬ್ರೆಜಿಲ್‌ನ ಗೊಯಾನಿಯಾ ಊರಿನ ಕಥೆ ಹೇಳುತ್ತೇನೆ. 1987ರ ಸೆಪ್ಟೆಂಬರ್. ಕ್ಯಾನ್ಸರ್ ಚಿಕಿತ್ಸೆಯ ಕ್ಲಿನಿಕ್ ಒಂದು ಬೇರೆ ಜಾಗಕ್ಕೆ ಹೋಯಿತು. ಹಳೆಯ ಕಟ್ಟಡದಲ್ಲಿ ಯಂತ್ರ ಹಾಗೇ ಉಳಿಯಿತು. ಇಬ್ಬರು ಅದನ್ನು ಬಿಚ್ಚಿ ಗುಜರಿಗೆ ಮಾರಿದರು. ಒಳಗಿನದು ಉಪ್ಪಿನಂಥ ಪುಡಿ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅಂಗಡಿಯವರು ಚೆಂದ ಅಂತ ಮನೆಗೆ ತಂದರು, ನೆಂಟರಿಗೆ ಹಂಚಿದರು, ಕೆಲವರು ಮೈಗೂ ಬಳಿದುಕೊಂಡರು. ನಾಲ್ವರು ಸತ್ತರು. ಅವರಲ್ಲಿ ಒಂದು ಆರು ವರ್ಷದ ಮಗು. 249 ಜನರ ಮೈಯಲ್ಲೋ ಬಟ್ಟೆಯಲ್ಲೋ ಆ ವಿಕಿರಣದ ವಸ್ತು ಸೇರಿತ್ತು. ಲಕ್ಷಕ್ಕೂ ಹೆಚ್ಚು ಜನರನ್ನು ಸ್ಟೇಡಿಯಂನಲ್ಲಿ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. ಮನೆಗಳನ್ನೇ ಕೆಡವಿ, ಮಣ್ಣು ಅಗೆದು ಸಾಗಿಸಿದರು.

ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ನಿಮ್ಮ ಹುಡುಗನ ಹಾಗೆ ಅವರಿಗೂ ಸೀಸ, ಉಕ್ಕು ಅಷ್ಟೇ ಕಂಡಿತ್ತು.

ಮಾಟುಂಗಾ ಕ್ಯಾಂಟೀನ್ | ಭಾನುವಾರ ರಾತ್ರಿ 10:50

ಓದಿ ಕೈ ನಡುಗಿತು. ಸರ್, ಇಂಥದ್ದರಿಂದ ಅಣುಬಾಂಬ್ ಮಾಡಲು ಆಗುತ್ತದಾ? 2021ರಲ್ಲಿ ನಮ್ಮ ಮುಂಬೈನಲ್ಲೇ ಏಳು ಕಿಲೋ ಯುರೇನಿಯಂ ಹಿಡಿದಿದ್ದರಲ್ಲ?

ನಿವೃತ್ತ, ಅಣುಶಕ್ತಿನಗರ | ಭಾನುವಾರ ರಾತ್ರಿ 11:15

ಆಗುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಭಯಗಳಿವೆ, ಜನ ಎರಡನ್ನೂ ಕಲಸಿಬಿಡುತ್ತಾರೆ.

ಅಣುಬಾಂಬಿಗೆ ಬೇಕಾದದ್ದು ಯುರೇನಿಯಂ-235ರ ಪಾಲನ್ನು ತುಂಬಾ ಹೆಚ್ಚಿಸಿದ ಯುರೇನಿಯಂ ಇಲ್ಲವೇ ಪ್ಲುಟೋನಿಯಂ. ಕಾರ್ಖಾನೆ, ಆಸ್ಪತ್ರೆಗಳಲ್ಲಿ ಬಳಸುವ ಸೀಸಿಯಂ, ಕೋಬಾಲ್ಟ್, ಇರಿಡಿಯಂ ಎಷ್ಟು ಗುಡ್ಡೆ ಹಾಕಿದರೂ ಬಾಂಬ್ ಆಗದು. 2021ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಭಯೋತ್ಪಾದನೆ ನಿಗ್ರಹ ದಳ (ಎಟಿಎಸ್) ಹಿಡಿದದ್ದು 7.1 ಕಿಲೋ. ನಾನು ಕೆಲಸ ಮಾಡಿದ ಭಾಭಾ ಅಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ಪರೀಕ್ಷೆ ಮಾಡಿ ನೈಸರ್ಗಿಕ ಯುರೇನಿಯಂ ಅಂತ ಹೇಳಿತು. ಅದರಲ್ಲಿ ಬಾಂಬಿಗೆ ಬೇಕಾದ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. ಅದನ್ನು ಬೇರೆ ಮಾಡಲು ಒಂದು ದೇಶದ ಬಲವೇ ಬೇಕು. ಹಾಗಂತ ಅದನ್ನು ಕಡೆಗಣಿಸಬಾರದು. ಲೆಕ್ಕದಲ್ಲಿ ಇರಬೇಕಾದ ವಸ್ತು ಬೀದಿಗೆ ಬಂತು ಅಂದರೆ ಯಾವುದೋ ಒಂದು ಬಾಗಿಲು ತೆರೆದಿದೆ ಅಂತಲೇ ಅರ್ಥ.

ಎರಡನೆಯ ಭಯ, ವಿಕಿರಣದ ವಸ್ತುವನ್ನು ಬೇಕಂತಲೇ ಜನರ ನಡುವೆ ಹರಡುವುದು. ಡರ್ಟಿ ಬಾಂಬ್ ಅನ್ನುತ್ತಾರಲ್ಲ, ಅದು. ಸಾವಿಗಿಂತ ಜಾಸ್ತಿ ಗಾಬರಿ, ನೂಕುನುಗ್ಗಲು, ತಿಂಗಳುಗಟ್ಟಲೆ ಮುಚ್ಚಿದ ಬೀದಿ. ದಾದರ್ ಸ್ಟೇಷನ್ ಒಂದು ವಾರ ಮುಚ್ಚಿದರೆ ಈ ಊರಿನ ಗತಿ ಏನು ಅಂತ ಯೋಚಿಸಿ. 1995ರ ನವೆಂಬರ್‌ನಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಒಂದು ಪಾರ್ಕಿನಲ್ಲಿ ಸೀಸಿಯಂ ಹೂತಿಟ್ಟು, ಟಿವಿ ಚಾನೆಲ್‌ಗೆ ತಾವೇ ತಿಳಿಸಿದರು. ಸ್ಫೋಟಿಸಲಿಲ್ಲ. ಬೆದರಿಸುವುದೇ ಅವರ ಉದ್ದೇಶ.

ಅಣುಸ್ಥಾವರಗಳನ್ನು ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್ ಕಾಯುತ್ತದೆ. ಟ್ರಾಂಬೆ ಗೇಟಿನಲ್ಲಿ 34 ವರ್ಷ ದಿನಾ ಪಾಸ್ ತೋರಿಸಿದವನು ನಾನು, ಆ ಕಾವಲು ಎಷ್ಟು ಬಿಗಿ ಅಂತ ಗೊತ್ತು. ನನಗೆ ನಿದ್ದೆ ಕೆಡಿಸುವುದು ಆ ಗೇಟು ಅಲ್ಲ, ಮುಚ್ಚಿದ ಕಾರ್ಖಾನೆಯ ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿರುವ ಡಬ್ಬಿ. ಗುಜರಿಗೆ ಬರುವ ದಾರಿ ಒಳ್ಳೆಯವನಿಗೆ ತೆರೆದಿದ್ದರೆ ಕೆಟ್ಟವನಿಗೂ ತೆರೆದಿದೆ.

ಡೊಂಬಿವಲಿ ಓದುಗ | ಸೋಮವಾರ ಬೆಳಿಗ್ಗೆ 7:10

ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಇದನ್ನೆಲ್ಲಾ ಹೀಗೆ ಎಲ್ಲರ ಮುಂದೆ ಬರೆಯಬೇಕಾ? ಯಾವ ವಸ್ತು, ಎಲ್ಲಿರುತ್ತದೆ ಅಂತ ಹೇಳಿದರೆ ಕೆಟ್ಟವರಿಗೆ ನಾವೇ ದಾರಿ ತೋರಿಸಿದ ಹಾಗೆ ಆಗುವುದಿಲ್ಲವೇ? ಇದು ಸರ್ಕಾರದ ಕೆಲಸ. ನಾವು ಸುಮ್ಮನಿರುವುದೇ ಲೇಸು ಅನ್ನಿಸುತ್ತದೆ.

ಲಾ ವಿದ್ಯಾರ್ಥಿನಿ, ಪುಣೆ | ಸೋಮವಾರ ಬೆಳಿಗ್ಗೆ 8:35

ಡೊಂಬಿವಲಿ ಅಣ್ಣ, ನಿಮ್ಮ ಆತಂಕ ಅರ್ಥವಾಗುತ್ತದೆ. ಯಾವ ಆಸ್ಪತ್ರೆಯಲ್ಲಿ ಯಾವ ಕೋಣೆ, ಬೀಗ ಎಂಥದ್ದು ಅಂತ ಯಾರೂ ಬರೆಯಬಾರದು. ಆದರೆ ಮೂರು ಎಸಳಿನ ಗುರುತು ಏನು ಹೇಳುತ್ತದೆ ಅನ್ನುವುದು ಗುಟ್ಟಾಗಿದ್ದರೆ ಸಾಯುವುದು ಬಡವರು. ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಅದೇ.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ 1970ರ ಸುಮಾರಿಗೆ ಕೆನಡಾದಿಂದ ಗಾಮಾ ಸೆಲ್ ಅನ್ನುವ ಯಂತ್ರ ಬಂದಿತ್ತು. ಒಳಗೆ ಕೋಬಾಲ್ಟ್-60. 1985ರಿಂದ ಅದನ್ನು ಯಾರೂ ಬಳಸಲಿಲ್ಲ. ಬಳಸುತ್ತಿದ್ದ ಪ್ರೊಫೆಸರ್ ನಿವೃತ್ತರಾದರು. 2010ರ ಫೆಬ್ರವರಿಯಲ್ಲಿ ಹಳೆ ಸಾಮಾನಿನ ಜೊತೆ ಹರಾಜಾಯಿತು. ಮಾಯಾಪುರಿಯ ಗುಜರಿಯಲ್ಲಿ ಸೀಸಕ್ಕಾಗಿ ಒಡೆದರು. ಏಪ್ರಿಲ್‌ನಲ್ಲಿ ಒಬ್ಬರು ತೀರಿಕೊಂಡರು, ಇನ್ನು ಕೆಲವರು ವಾರಗಟ್ಟಲೆ ಆಸ್ಪತ್ರೆಯಲ್ಲಿ ನರಳಿದರು. ಕೋಬಾಲ್ಟ್‌ನ ಅರ್ಧಾಯುಷ್ಯ ಐದೂಕಾಲು ವರ್ಷ. ನಲವತ್ತು ವರ್ಷದಲ್ಲಿ ಏಳು ಸಲಕ್ಕಿಂತ ಹೆಚ್ಚು ಅರ್ಧವಾಗಿ, ಮೊದಲಿನ ಶಕ್ತಿಯಲ್ಲಿ ಇನ್ನೂರಕ್ಕೆ ಒಂದು ಪಾಲು ಉಳಿದಿತ್ತು. ಒಂದು ಜೀವ ತೆಗೆಯಲು ಅಷ್ಟು ಸಾಕಾಯಿತು.

ಕಾನೂನು ಇಲ್ಲ ಅಂತಲ್ಲ. ಸಾಮೂಹಿಕ ನಾಶದ ಅಸ್ತ್ರ ಉಗ್ರರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು ಅಂತ 2004ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿಯ 1540ನೇ ನಿರ್ಣಯ ಬಂತು. ಮರುವರ್ಷ ನಮ್ಮ ಸಂಸತ್ತು ಕಾಯ್ದೆ ಮಾಡಿತು. ಅಣು ಭಯೋತ್ಪಾದನೆ ತಡೆಯುವ ವಿಶ್ವಸಂಸ್ಥೆ ಒಪ್ಪಂದ 2007ರಲ್ಲಿ ಜಾರಿಗೆ ಬಂತು, ಭಾರತ ಅದರಲ್ಲಿದೆ. ಸೋರ್ಸ್ ಇಟ್ಟುಕೊಳ್ಳಲು ಅಣುಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಲೈಸೆನ್ಸ್ ಬೇಕು, ಕೆಲಸ ಮುಗಿದ ಮೇಲೆ ಕೊಟ್ಟವರಿಗೇ ಮರಳಿಸಬೇಕು ಇಲ್ಲವೇ ಗೊತ್ತುಪಡಿಸಿದ ಜಾಗಕ್ಕೆ ಒಪ್ಪಿಸಬೇಕು. ಇದನ್ನೆಲ್ಲಾ ನಾನು ಪರೀಕ್ಷೆಗೆ ಓದಿದ್ದೆ. ಆದರೆ ಕಣ್ಣು ತೆರೆಸಿದ್ದು ಒಂದು ಕಪಾಟು.

ನಾನು ಡಿಗ್ರಿ ಓದಿದ ಕಾಲೇಜಿನ ಲ್ಯಾಬ್‌ನಲ್ಲಿ ಕಬ್ಬಿಣದ ಚಿಕ್ಕ ಕಪಾಟು ಇತ್ತು. ಬಾಗಿಲಿಗೆ ಕೆಂಪು ಬಣ್ಣದಲ್ಲಿ ಅದೇ ಗುರುತು. ಹೋದ ವರ್ಷ ಹೋದಾಗ ಲ್ಯಾಬ್ ಅಸಿಸ್ಟೆಂಟ್ ಕಾಕಾ ಅವರನ್ನು ಕೇಳಿದೆ. ಅವರು ಸ್ಟಾಕ್ ರಿಜಿಸ್ಟರ್ ತೆಗೆದರು. ಕೊನೆಯ ಸಹಿ ಹನ್ನೊಂದು ವರ್ಷ ಹಿಂದಿನದು. ಬೀಗದ ಕೈ ಎರಡು ಅಂತ ಬರೆದಿತ್ತು, ಸಿಕ್ಕಿದ್ದು ಒಂದು. ಒಳಗಿದ್ದದ್ದು ಪ್ರಯೋಗಕ್ಕೆ ಬಳಸುವ ತೀರಾ ಸಣ್ಣ ಸೋರ್ಸ್‌ಗಳು, ಭಯಪಡುವಂಥದ್ದಲ್ಲ. ಆದರೂ ಆ ಎರಡನೇ ಕೀಲಿ ಎಲ್ಲಿದೆ ಅಂತ ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ.

ನೈಟ್ ಶಿಫ್ಟ್, ತಳೋಜಾ | ಸೋಮವಾರ ಮಧ್ಯಾಹ್ನ 2:05

ನಾನು ವೆಲ್ಡಿಂಗ್‌ಗೆ ಆರ್‌ಟಿ ಮಾಡುವವನು. ಪೈಪಿನ ಬೆಸುಗೆಯಲ್ಲಿ ಬಿರುಕು ಇದೆಯಾ ಅಂತ ಫಿಲ್ಮ್ ಹಾಕಿ ನೋಡುವುದು. ನಾವು ಬಳಸುವುದು ಇರಿಡಿಯಂ-192. ಜನ ಕಡಿಮೆ ಇರಲಿ ಅಂತ ರಾತ್ರಿ ಮಾಡುತ್ತೇವೆ. ಸೋರ್ಸ್ ಇರುವ ಪೆಟ್ಟಿಗೆಗೆ ಕ್ಯಾಮೆರಾ ಅನ್ನುತ್ತೇವೆ. ಒಬ್ಬರು ಹೊತ್ತುಕೊಂಡು ಹೋಗಬಹುದು. ಭಯ ಇರುವುದೇ ಅಲ್ಲಿ. ಸಾಗಿಸಲು ಸುಲಭ ಅಂದರೆ ಕದಿಯಲೂ ಸುಲಭ ಅಲ್ವಾ?

ಮೂರು ವರ್ಷದ ಹಿಂದಿನ ಮಾತು. ಬೆಳಗಿನ ಜಾವ ಮೂರು ಗಂಟೆ. ಹ್ಯಾಂಡಲ್ ತಿರುಗಿಸಿ ಸೋರ್ಸ್ ಒಳಗೆ ಎಳೆದೆ. ವಿಕಿರಣ ಅಳೆಯುವ ಸರ್ವೇ ಮೀಟರಿನ ಮುಳ್ಳು ಇಳಿಯಲಿಲ್ಲ. ಆಗಿನ ಸೂಪರ್‌ವೈಸರ್ "ಮೀಟರ್ ಕೆಟ್ಟಿದೆ, ಗಾಡಿಗೆ ಹಾಕು, ಹೊರಡೋಣ" ಅಂದರು. ನಾನು ಒಪ್ಪಲಿಲ್ಲ. ಹಗ್ಗ ಕಟ್ಟಿ ಜಾಗ ಮುಚ್ಚಿ, ವಿಕಿರಣ ಸುರಕ್ಷತಾ ಅಧಿಕಾರಿ (ಆರ್‌ಎಸ್‌ಒ) ಸಾಹೇಬರಿಗೆ ಫೋನ್ ಮಾಡಿದೆ. ಅವರು ಬಂದು ನೋಡಿದರೆ ಸೋರ್ಸ್ ಪೆಟ್ಟಿಗೆಯ ಹೊರಗಿನ ಟ್ಯೂಬಿನಲ್ಲೇ ಸಿಕ್ಕಿಕೊಂಡಿತ್ತು. ಟ್ಯೂಬ್ ಬಿಚ್ಚಿ ಗಾಡಿಗೆ ಹಾಕಿದ್ದರೆ ಅದು ದಾರಿಯಲ್ಲೋ ಸೈಟಿನಲ್ಲೋ ಉದುರುತ್ತಿತ್ತು. 1999ರಲ್ಲಿ ಪೆರು ದೇಶದ ಯಾನಾಂಗೋದಲ್ಲಿ ಹೀಗೆ ಬಿದ್ದ ಸೋರ್ಸ್ ಒಂದನ್ನು ವೆಲ್ಡರ್ ಒಬ್ಬರು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ಕಾಲನ್ನೇ ಕತ್ತರಿಸಬೇಕಾಯಿತು.

ಇನ್ನೊಂದು ವಿಷಯ. ಕ್ಯಾಮೆರಾ ಜೀಪಿನಲ್ಲಿ ಸಾಗಿಸುವಾಗ ಡ್ರೈವರ್ ಚಹಾಕ್ಕೆ ನಿಲ್ಲಿಸುತ್ತಾರೆ. ಎಲ್ಲರೂ ಇಳಿಯುತ್ತಾರೆ. ನಾನು ಇಳಿಯುವುದಿಲ್ಲ. ಚಹಾ ಗಾಡಿಗೇ ತರಿಸುತ್ತೇನೆ. 2013ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದಲ್ಲಿ ಆಸ್ಪತ್ರೆಯ ಹಳೆ ಕೋಬಾಲ್ಟ್ ಹೊತ್ತ ಲಾರಿ ಪೆಟ್ರೋಲ್ ಪಂಪಿನ ಹತ್ತಿರ ನಿಂತಿತ್ತು. ಬಂದೂಕು ತೋರಿಸಿ ಲಾರಿ ಕದ್ದರು. ಕಳ್ಳರಿಗೆ ಬೇಕಿದ್ದದ್ದು ಲಾರಿ ಇರಬೇಕು, ಒಳಗೇನಿದೆ ಅಂತ ಗೊತ್ತಿರಲಿಕ್ಕಿಲ್ಲ. ಎರಡು ದಿನದಲ್ಲಿ ಸೋರ್ಸ್ ಒಂದು ಹೊಲದಲ್ಲಿ ಸಿಕ್ಕಿತು, ಕವಚದಿಂದ ಹೊರಗೆ ಬಂದಿತ್ತು. ಇದನ್ನು ಓದಿದ ಮೇಲೆ ನಮ್ಮ ಹುಡುಗರಿಗೂ ಹೇಳುತ್ತೇನೆ, ಚಹಾ ಆಮೇಲೆ.

ನರ್ಸ್, ಮುಲುಂಡ್ | ಸೋಮವಾರ ಸಂಜೆ 6:20

ಗುಜರಿ ಅಂಗಡಿಯ ಅಣ್ಣ, ಆಸ್ಪತ್ರೆ ಕಡೆಯಿಂದ ಒಂದು ಮಾತು. ಇಂಥ ರೋಗಿ ಬಂದರೆ ನಮಗೂ ಮೊದಲು ಗೊತ್ತಾಗುವುದಿಲ್ಲ. ವಾಂತಿ, ಸುಸ್ತು, ಭೇದಿ. ಊಟ ಕೆಟ್ಟಿರಬೇಕು ಅಂದುಕೊಳ್ಳುತ್ತೇವೆ. ಗೊಯಾನಿಯಾದಲ್ಲೂ ಹೀಗೇ ಬೇರೆ ರೋಗ ಅಂದುಕೊಂಡರು. ಆಮೇಲೆ ಕೈ ಕೆಂಪಗಾಗಿ ಬೊಬ್ಬೆ ಬರುತ್ತದೆ. ಬೆಂಕಿ ತಾಗಿಲ್ಲ, ಬಿಸಿ ಎಣ್ಣೆ ಬಿದ್ದಿಲ್ಲ, ಆದರೂ ಸುಟ್ಟ ಗಾಯ. ಕೂದಲು ಉದುರುತ್ತದೆ, ರಕ್ತದ ಬಿಳಿ ಕಣ ಇಳಿಯುತ್ತದೆ. ಅದಕ್ಕೇ ಡಾಕ್ಟರ ಹತ್ತಿರ ಹೋದಾಗ ನಿಮ್ಮ ಕೆಲಸ ಏನು ಅಂತ ನೀವೇ ಮೊದಲು ಹೇಳಿ. "ಗುಜರಿ ಕೆಲಸ, ಒಂದು ಭಾರದ ಡಬ್ಬಿ ಒಡೆದೆವು." ಅಷ್ಟು ಹೇಳಿದರೆ ಸಾಕು.

ಗೊಯಾನಿಯಾದಲ್ಲಿ ಗುಟ್ಟು ಬಯಲು ಮಾಡಿದ್ದು ಗುಜರಿಯವನ ಹೆಂಡತಿ. ಮನೆಯವರೆಲ್ಲಾ ಒಬ್ಬೊಬ್ಬರಾಗಿ ಮಲಗುತ್ತಿದ್ದಾರೆ, ಆ ಹೊಳೆಯುವ ಪುಡಿ ಬಂದ ಮೇಲೇ ಹೀಗಾಗಿದೆ ಅಂತ ಆಕೆಗೆ ಹೊಳೆಯಿತು. ಅದನ್ನು ಚೀಲಕ್ಕೆ ತುಂಬಿಸಿ, ಬಸ್ಸು ಹತ್ತಿ, ಆಸ್ಪತ್ರೆಗೆ ತಂದು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಆಕೆ ಉಳಿಯಲಿಲ್ಲ. ಆದರೆ ಆಕೆಯಿಂದ ಎಷ್ಟೋ ಜನ ಉಳಿದರು. ಹೆಂಗಸಿಗೆ ಏನು ಗೊತ್ತು ಅನ್ನುವವರಿಗೆ ನಾನು ಇದನ್ನು ಯಾವಾಗಲೂ ಹೇಳುತ್ತೇನೆ.

ಮಾಟುಂಗಾ ಕ್ಯಾಂಟೀನ್ | ಸೋಮವಾರ ರಾತ್ರಿ 9:05

ಇರಿಡಿಯಂ ಅಂದಾಗ ನೆನಪಾಯಿತು. ಕುಂದಾಪುರ ಕಡೆಯ ನಮ್ಮ ಸಂಬಂಧಿಕರೊಬ್ಬರು ರೈಸ್ ಪುಲ್ಲರ್ ಅಂತ ದುಡ್ಡು ಕಳೆದುಕೊಂಡರು. ಹಳೆ ತಾಮ್ರದ ಚೊಂಬಿಗೆ ಸಿಡಿಲು ಹೊಡೆದು ಇರಿಡಿಯಂ ಆಗಿದೆ, ಅಕ್ಕಿ ಎಳೆಯುತ್ತದೆ, ವಿದೇಶದವರು ಕೋಟಿ ಕೊಡುತ್ತಾರೆ ಅಂತ ನಂಬಿಸಿದರು. ವಿಜ್ಞಾನಿ ಅಂತ ಹೇಳಿಕೊಂಡು ಒಬ್ಬ ಬಿಳಿ ಸೂಟು ಹಾಕಿಕೊಂಡು ಬಂದಿದ್ದನಂತೆ. ಹೋಟೆಲ್ ಹಾಕಲು ಕೂಡಿಟ್ಟ ಹಣವೆಲ್ಲಾ ಹೋಯಿತು. ಇದಕ್ಕೂ ನಮ್ಮ ಚರ್ಚೆಗೂ ಸಂಬಂಧ ಇದೆಯಾ ಸರ್?

ನಿವೃತ್ತ, ಅಣುಶಕ್ತಿನಗರ | ಸೋಮವಾರ ರಾತ್ರಿ 9:30

ಇದೆ. ಇಂಥ ಮೋಸಗಾರರು ವಿಕಿರಣದ ವಸ್ತುವಿಗೆ ಕೋಟಿ ಬೆಲೆ ಅಂತ ಹಬ್ಬಿಸುತ್ತಾರೆ. ಅದನ್ನು ಕೇಳಿ ಯಾವನೋ ಕೂಲಿಯವನು ನಿಜವಾದ ಸೋರ್ಸ್ ಸಿಕ್ಕರೆ ಬಚ್ಚಿಟ್ಟುಕೊಂಡು ಗಿರಾಕಿ ಹುಡುಕುತ್ತಾನೆ. ಮನೆಯ ಮಂಚದ ಕೆಳಗೆ ಇಡುತ್ತಾನೆ. ಅಕ್ಕಿ ಎಳೆಯುವ ಇರಿಡಿಯಂ ಅನ್ನುವುದು ಪ್ರಪಂಚದಲ್ಲೇ ಇಲ್ಲ. ಕೊಳ್ಳುವವರು ಬೇಕು ಅಂತ ಹುಡುಕಿಕೊಂಡು ಬಂದವರು ಮೋಸಗಾರರು, ಇಲ್ಲವೇ ಅವರಿಗಿಂತ ಕೆಟ್ಟವರು.

ಗುಜರಿ ಅಂಗಡಿ, ಮಾನ್ಖುರ್ದ್ | ಮಂಗಳವಾರ ರಾತ್ರಿ 10:00

ಎಲ್ಲಾ ಓದಿದೆ. ಎರಡು ಸಲ ಓದಿದೆ. ಈಗ ನಮ್ಮ ಕಡೆಯದನ್ನೂ ಕೇಳಿ.

ಸರ್ಕಾರಕ್ಕೆ ತಿಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಮೂರು ದಿನ ಅಂಗಡಿ ಬಂದ್ ಆದರೆ ಆರು ಜನರ ಕೂಲಿ ನಾನೇ ಕೊಡಬೇಕು. ಕಾರ್ಖಾನೆಯವರು ಲಾಟಿನಲ್ಲಿ ಹಾಕಿ ಕಳಿಸಿದ್ದು ತಪ್ಪು. ಆದರೆ ಕಳ್ಳನನ್ನು ಕೇಳಿದ ಹಾಗೆ ಕೇಳಿದ್ದು ನನ್ನನ್ನು. ಹೀಗಾದರೆ ಮುಂದಿನವನು ಖಾಡಿಗೇ ಎಸೆಯುತ್ತಾನೆ. ತಿಳಿಸಿದವನಿಗೆ ಒಂದು ರಸೀದಿ, ಕೇಸಿಲ್ಲ ಅನ್ನುವ ಮಾತು, ತೂಕದ ದುಡ್ಡು, ಇಷ್ಟು ಕೊಟ್ಟರೆ ಒಂದೂ ಡಬ್ಬಿ ತಪ್ಪಿಸಿಕೊಳ್ಳದು.

ನಿವೃತ್ತ, ಅಣುಶಕ್ತಿನಗರ | ಮಂಗಳವಾರ ರಾತ್ರಿ 10:40

ರಸೀದಿ, ಗೌರವ, ಎರಡಕ್ಕೂ ನನ್ನ ಪೂರ್ತಿ ಒಪ್ಪಿಗೆ. ನಿಮ್ಮನ್ನು ಕೂರಿಸಿ ಚಹಾ ಕೊಟ್ಟು ಕೇಳಬೇಕಿತ್ತು. ದುಡ್ಡಿನ ಮಾತಿಗೆ ಮಾತ್ರ ತಡೆಯುತ್ತೇನೆ. ಸೋರ್ಸ್ ತಂದವನಿಗೆ ಹಣ ಅಂತ ಆದರೆ ನಾಳೆ ತಳೋಜಾ ತಮ್ಮನ ಜೀಪಿನಿಂದಲೇ ಕ್ಯಾಮೆರಾ ಕದ್ದು ತರುತ್ತಾರೆ.

ಗುಜರಿ ಅಂಗಡಿ, ಮಾನ್ಖುರ್ದ್ | ಮಂಗಳವಾರ ರಾತ್ರಿ 10:52

ಅದು ನನಗೆ ಹೊಳೆದಿರಲಿಲ್ಲ ಸರ್. ಸರಿ, ದುಡ್ಡು ಬೇಡ. ಹೋದ ದಿನದ ಕೂಲಿಯನ್ನು ಡಬ್ಬಿ ಕಳಿಸಿದ ಕಾರ್ಖಾನೆಯಿಂದ ವಸೂಲಿ ಮಾಡಿ ಕೊಡಲಿ. ಮೀಟರ್ ಇಟ್ಟುಕೊಳ್ಳಿ ಅಂತಾರೆ, ಸಣ್ಣ ಅಂಗಡಿಗೆ ಆಗುವ ಮಾತಾ ಅದು?

ನಿವೃತ್ತ, ಅಣುಶಕ್ತಿನಗರ | ಮಂಗಳವಾರ ರಾತ್ರಿ 11:20

ವಸೂಲಿಯ ಮಾತು ನ್ಯಾಯವಾದದ್ದು. ಮೀಟರ್ ಪ್ರತಿ ಅಂಗಡಿಗೆ ಆಗದು, ಆದರೆ ಕರಗಿಸುವ ಪ್ರತಿ ಫೌಂಡ್ರಿಯ ಗೇಟಿನಲ್ಲಿ ಇರಲೇಬೇಕು. ಕುಲುಮೆಗೆ ಹೋದ ಮೇಲೆ ಅದನ್ನು ಹುಡುಕುವುದು ಹಾಲಿಗೆ ಬಿದ್ದ ಉಪ್ಪನ್ನು ಹುಡುಕಿದ ಹಾಗೆ. 2008ರಲ್ಲಿ ಫ್ರಾನ್ಸ್‌ನಲ್ಲಿ ಲಿಫ್ಟಿನ ಬಟನ್‌ಗಳಲ್ಲಿ ಕೋಬಾಲ್ಟ್ ಸಿಕ್ಕಿತು. ಉಕ್ಕು ಹೋದದ್ದು ನಮ್ಮ ದೇಶದಿಂದ. ಮೆಕ್ಸಿಕೋದ ಹ್ವಾರೆಸ್‌ನಲ್ಲಿ ಕರಗಿದ ಕೋಬಾಲ್ಟ್ ಕಟ್ಟಡದ ಸರಳಾಗಿ ಅಮೆರಿಕಕ್ಕೂ ಹೋಗಿತ್ತು. 1984ರ ಜನವರಿಯಲ್ಲಿ ಸರಳು ಹೊತ್ತ ಲಾರಿಯೊಂದು ದಾರಿ ತಪ್ಪಿ ಅಮೆರಿಕದ ಲಾಸ್ ಅಲಾಮೋಸ್ ಅಣು ಪ್ರಯೋಗಾಲಯದ ಗೇಟಿಗೆ ಬಂತು. ಅಲ್ಲಿನ ಮೀಟರ್ ಕೂಗಿತು. ಆ ಲಾರಿ ಸರಿಯಾದ ದಾರಿಯಲ್ಲೇ ಹೋಗಿದ್ದರೆ ಎಷ್ಟು ಮನೆ ಕಟ್ಟುತ್ತಿದ್ದರೋ.

ಒಳ್ಳೆಯ ಸುದ್ದಿಯೂ ಇದೆ. ಬಿಎಆರ್‌ಸಿಯವರು ಸೀಸಿಯಂ ಅನ್ನು ಪುಡಿಯಾಗಿ ಬಿಡದೆ ಗಾಜಿನಲ್ಲಿ ಬೆರೆಸಿ ಪೆನ್ಸಿಲ್ ಮಾಡುತ್ತಾರೆ. ರಕ್ತನಿಧಿಗಳ ಯಂತ್ರಕ್ಕೆ ಅದು ಸಾಕು. ಗಾಜು ನೀರಿನಲ್ಲಿ ಕರಗದು, ಗಾಳಿಗೆ ಹಾರದು. ಕದ್ದರೂ ಹರಡಲು ಕಷ್ಟ. ಗೊಯಾನಿಯಾದ ಪುಡಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ವಸ್ತುವನ್ನೇ ಕೆಟ್ಟ ಕೆಲಸಕ್ಕೆ ಬಾರದ ಹಾಗೆ ಮಾಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಬೀಗ.

ನಿಮ್ಮ ಹುಡುಗರಿಗೆ ಇಷ್ಟು ಹೇಳಿ. ಗಾತ್ರಕ್ಕೆ ಮೀರಿದ ಭಾರ ಇದ್ದರೆ ಒಡೆಯಬೇಡಿ. ಮೂರು ಎಸಳು ಕಂಡರೆ ಮುಟ್ಟಬೇಡಿ, ದೂರ ಸರಿಯಿರಿ, ಬೇರೆಯವರನ್ನೂ ಸರಿಸಿ. ದೂರ ಎರಡು ಪಟ್ಟಾದರೆ ಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ನೀರು ಹಾಕಬೇಡಿ, ಗುಡಿಸಬೇಡಿ. 112ಕ್ಕೆ ಫೋನ್ ಮಾಡಿ "ರೇಡಿಯೇಶನ್ ಗುರುತಿನ ಡಬ್ಬಿ" ಅಂತ ಆ ಮಾತನ್ನೇ ಹೇಳಿ. ಮುಟ್ಟಿದ್ದರೆ ಕೈ ತೊಳೆದು ಬಟ್ಟೆ ಬದಲಿಸಿ, ಆ ಬಟ್ಟೆ ಚೀಲದಲ್ಲಿ ಕಟ್ಟಿ ಪಕ್ಕಕ್ಕಿಡಿ. ಅಲ್ಲಿಯವರೆಗೆ ಊಟ, ಬೀಡಿ ಬೇಡ.

ಡೊಂಬಿವಲಿ ಓದುಗ | ಬುಧವಾರ ಬೆಳಿಗ್ಗೆ 7:00

ಸುಮ್ಮನಿರಬೇಕು ಅಂದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮುಚ್ಚಿದ ಕಾರ್ಖಾನೆ ಎಷ್ಟೋ ಇವೆ. ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಟ್ಟರೆ ಪ್ರಿಂಟಿನ ಖರ್ಚು ನನ್ನದು.

ಲಾ ವಿದ್ಯಾರ್ಥಿನಿ, ಪುಣೆ | ಬುಧವಾರ ಬೆಳಿಗ್ಗೆ 9:15

ನಾನು ಬರೆಯುತ್ತೇನೆ ಅಣ್ಣ. ಹಳೆಯ ಮೂರೆಸಳಿನ ಜೊತೆ ಕೆಂಪು ತ್ರಿಕೋನದ ಗುರುತೂ ಹಾಕೋಣ. ತಲೆಬುರುಡೆ, ಓಡುವ ಮನುಷ್ಯ ಇರುವುದು. ಓದಲು ಬಾರದವರಿಗೂ ಅರ್ಥವಾಗಲಿ ಅಂತ 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ (ಐಎಇಎ) ತಂದದ್ದು. ಹಿಂದಿ, ಮರಾಠಿಯಲ್ಲೂ ಬೇಕು.

ಗುಜರಿ ಅಂಗಡಿ, ಮಾನ್ಖುರ್ದ್ | ಮೂರು ವಾರದ ನಂತರ, ಶನಿವಾರ ಸಂಜೆ 5:30

ಚೀಟಿ ನಮ್ಮ ಗಲ್ಲಿಯ ಹದಿನಾಲ್ಕು ಅಂಗಡಿಗೆ ಅಂಟಿಸಿದೆವು. ಖಾಡಿಗೆ ಎಸೆ ಅಂದವರು ಕಾಟಾದ ಮೇಲೇ ಅಂಟಿಸಿಕೊಂಡಿದ್ದಾರೆ.

ಇವತ್ತು ಬೆಳಿಗ್ಗೆ ಅವರ ಅಂಗಡಿಯಿಂದಲೇ ಫೋನ್ ಬಂತು. ಒಂದು ನರ್ಸಿಂಗ್ ಹೋಮಿನ ಹಳೆ ಯಂತ್ರ, ಮೈಮೇಲೆ ಮೂರೆಸಳು. ಹುಡುಗರು ಕೆಲಸ ಬಿಟ್ಟು ರಸ್ತೆ ಆಚೆ ನಿಂತಿದ್ದರು. ಯಂತ್ರದ ಸುತ್ತ ತಗಡು ಅಡ್ಡ ಇಟ್ಟು, ಹಗ್ಗ ಕಟ್ಟಿದ್ದರು. 112ಕ್ಕೂ ಹೇಳಿದ್ದಾರೆ. ಫೋಟೋ ಹಾಕಿದ್ದೇನೆ ಸರ್, ನೋಡಿ.

ನಿವೃತ್ತ, ಅಣುಶಕ್ತಿನಗರ | ಶನಿವಾರ ಸಂಜೆ 5:48

ನೋಡಿದೆ. ಇದು ಎಕ್ಸ್‌ರೇ ಯಂತ್ರ. ಇದರಲ್ಲಿ ಸೋರ್ಸ್ ಇರುವುದಿಲ್ಲ, ಕರೆಂಟ್ ಇಲ್ಲದಿದ್ದರೆ ಕಿರಣವೂ ಇಲ್ಲ. ಬಂದವರು ಮೀಟರ್ ಹಿಡಿದು ನೋಡಿ ಹೇಳುವವರೆಗೆ ಹಗ್ಗ ಹಾಗೇ ಇರಲಿ. ರಸ್ತೆ ಆಚೆ ನಿಂತ ಹುಡುಗರಿಗೆ ನನ್ನ ಲೆಕ್ಕದಲ್ಲಿ ಚಹಾ ಕೊಡಿಸಿ. ನಾಳೆ ಬೆಳಿಗ್ಗೆ ನಾನೇ ಆ ಕಡೆ ಬರುತ್ತೇನೆ.